ನಾನು ಸೇರಿಸಿದ ಮಾತು

ಮೊದಲು ನಡುಗಿದ್ದು ಆಕೆಯ ಕೈ.

ಹೋದ ರಂಜಾನಿನ ಒಂಬತ್ತನೆಯ ದಿನ, ಸಂಜೆ ಐದರ ಸುಮಾರು. ನಾನು ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ಗ್ರಂಥ ಓದುತ್ತಿದ್ದೆ. ನನ್ನ ಹೆಂಡತಿ ಇಮಾಂಬಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಚೌಕಟ್ಟು ಹಿಡಿದ ಬೆರಳುಗಳು ಅದುರುತ್ತಿದ್ದವು. ಹಣೆಯ ತುಂಬ ಬೆವರು. "ಕಣ್ಣಿಗೆ ಮಂಜ ಮಂಜ ಆಗಾಕತ್ತೈತ್ರಿ" ಅಂದಳು.

ನಾನು ಓದು ನಿಲ್ಲಿಸಲಿಲ್ಲ. ಒಂದು ಬೆರಳು ಎತ್ತಿ, ತಾಳು ಅಂತ ಸನ್ನೆ ಮಾಡಿದೆ. ಓದುವಾಗ ನಡುವೆ ಯಾರೂ ಮಾತಾಡಬಾರದು ಎಂಬುದು ಮನೆಯಲ್ಲಿ ನಾನೇ ಮಾಡಿದ್ದ ಕಟ್ಟಳೆ. ಆಕೆ ಸ್ವಲ್ಪ ಹೊತ್ತು ನಿಂತು ಒಳಗೆ ಹೋದಳು. ನಾನು ಓದುತ್ತಲೇ ಇದ್ದೆ. ನನ್ನ ಧ್ವನಿ ಚೆನ್ನಾಗಿದೆ ಅನ್ನುತ್ತಾರೆ. ಆ ಸಂಜೆಯೂ ಚೆನ್ನಾಗಿಯೇ ಇತ್ತು.

ಆಮೇಲೆ ಬಾಣಲೆ ಬಿದ್ದ ಸಪ್ಪಳ ಕೇಳಿತು.

ಒಳಗೆ ಹೋಗಿ ನೋಡಿದರೆ ಇಮಾಂಬಿ ಒಲೆಯ ಮುಂದೆ ನೆಲಕ್ಕೆ ಬಿದ್ದಿದ್ದಳು. ಭಜಿ ಕರಿಯಲು ಇಟ್ಟಿದ್ದ ಎಣ್ಣೆ ಎಡಗಾಲಿನ ಮೇಲೆ ಚೆಲ್ಲಿತ್ತು. ಆಕೆ ಚೀರಲಿಲ್ಲ. ಏನೋ ಗೊಣಗುತ್ತಿದ್ದಳು, ಅರ್ಥವಾಗಲಿಲ್ಲ. ಸೀರೆ ಬೆವರಿಗೆ ಮೈಗೆ ಅಂಟಿತ್ತು. ಸಪ್ಪಳ ಕೇಳಿ ಬಾಜು ಮನೆಯ ಗಿರಿಜವ್ವ ಓಡಿ ಬಂದಳು. ಒಲೆ ಆರಿಸಿದಳು. ಕೊಡದ ನೀರು ಕಾಲಿಗೆ ಸುರಿದಳು. ಅವಳ ಗಂಡನಿಗೆ ಹತ್ತು ವರ್ಷ ಶುಗರ್ ಇತ್ತು, ಆಕೆಗೆ ಈ ಬೆವರು ಗೊತ್ತಿತ್ತು. "ಅಣ್ಣಾ, ಸಕ್ರಿ ಎಲ್ಲೈತಿ? ಜಲ್ದಿ ಬಾಯಾಗ ಹಾಕಬೇಕು" ಅಂದಳು.

ಡಬ್ಬಿ ನನ್ನ ಕೈಗೆ ಸಿಗುವಷ್ಟು ದೂರದಲ್ಲಿತ್ತು. ನಾನು ಗೋಡೆಯ ಗಡಿಯಾರ ನೋಡಿದೆ.

"ರೋಜಾದ ಉಪವಾಸ ಬಿಡಾಕ ಇನ್ನ ಒಂದೂವರಿ ತಾಸು ಐತಿ" ಅಂದೆ.

"ಒಂದೂವರಿ ತಾಸಿಗೆ ಈಕಿ ಇರಬೇಕಲ್ಲ" ಅಂದಳು ಗಿರಿಜವ್ವ. ನನ್ನನ್ನು ಬದಿಗೆ ಸರಿಸಿ ತಾನೇ ಡಬ್ಬಿ ತೆಗೆದು, ಬೆರಳಿನಿಂದ ಇಮಾಂಬಿಯ ಕೆನ್ನೆಯ ಒಳಗೆ ಸಕ್ಕರೆ ಸವರಿದಳು. ಮತ್ತೆ ಸವರಿದಳು. ನಾನು ನಿಂತು ನೋಡಿದೆ.

ಲಕ್ಷ್ಮೇಶ್ವರದ ಆಸ್ಪತ್ರೆಗೆ ಮುಟ್ಟಿದಾಗ ಶುಗರ್ ಬರೀ ಮೂವತ್ತೆಂಟು ಇತ್ತು. ಅದೂ ಸಕ್ಕರೆ ತಿಂದ ಮೇಲೆ. ಸಲೈನ್ ಹಚ್ಚಿದ ನರ್ಸ್, ಬಾಯಿಗೆ ಸಕ್ಕರೆ ಹಾಕಿದವರು ಯಾರು ಎಂದು ಕೇಳಿದಳು. ಅವರಿಂದ ಜೀವ ಉಳಿಯಿತು ಅಂದಳು.

ನಾನು ಎಂದು ತಿಳಿದು ನನ್ನ ಕಡೆ ನೋಡಿ ಹೇಳಿದಳು. ನಾನು ತಿದ್ದಲಿಲ್ಲ.

ಈಗ ಹಿಂದಿನದನ್ನು ಹೇಳಬೇಕು. ಅದನ್ನು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾವು ಹತ್ತಿ ಹಿಂಜಿ ಗಾದಿ ಮಾಡುವವರು. ಮನೆಮಾತು ಕನ್ನಡ. ನಾನು ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಶಾಲೆಯಲ್ಲಿ ಓದಿ, ಆಮೇಲೆ ಅಪ್ಪನ ಅಂಗಡಿಯಲ್ಲಿ ಕುಳಿತೆ. ನಲವತ್ತು ವರ್ಷ ಮೂಗಿನ ತುಂಬ ಹತ್ತಿಯ ಧೂಳು. ನಮಾಜು ವಾರಕ್ಕೊಮ್ಮೆ, ಅದೂ ನೆನಪಾದರೆ. ಅರವತ್ತು ದಾಟಿದ ಮೇಲೆ ಅಂಗಡಿ ಮಗನಿಗೆ ಬಿಟ್ಟು ಮಸೀದಿಯಲ್ಲಿ ನಮಾಜು ಮಾಡಿಸುವ ಹಜರತರ ಹತ್ತಿರ ಅರಬಿ ಅಕ್ಷರ ಕಲಿತೆ. ಎರಡು ವರ್ಷ ಹಿಡಿಯಿತು. ಇಡೀ ಗ್ರಂಥವನ್ನು ಮೊದಲಿನಿಂದ ಕೊನೆಯವರೆಗೆ ಓದಿ ಮುಗಿಸಿದ ದಿನ ಮಸೀದಿಯಲ್ಲಿ ಎಲ್ಲರೂ ಕೈ ಕುಲುಕಿದರು. ಅಷ್ಟು ವಯಸ್ಸಿನಲ್ಲಿ ಕಲಿತನಲ್ಲ ಎಂದು ಮೆಚ್ಚಿದರು. ಹೊಸ ಮನೆಗೆ, ಸತ್ತವರ ಮನೆಗೆ ಓದಲು ನನ್ನನ್ನು ಕರೆಯತೊಡಗಿದರು.

ಓದಲು ಬರುತ್ತಿತ್ತು. ಅರ್ಥ ಬರುತ್ತಿರಲಿಲ್ಲ. ಒಂದು ಸಾಲಿನದೂ ಬರುತ್ತಿರಲಿಲ್ಲ. ಆದರೆ ಓದುವವನಿಗೆ ಅರ್ಥವೂ ಗೊತ್ತಿರುತ್ತದೆ ಎಂದು ಜನ ತಿಳಿದುಕೊಳ್ಳುತ್ತಾರೆ, ಬಂದು ಏನಾದರೂ ಕೇಳುತ್ತಾರೆ, ಆಗ ಬಾಯಿ ಸುಮ್ಮನಿರುವುದಿಲ್ಲ. ಎಲ್ಲೋ ಕೇಳಿದ್ದು, ಯಾರೋ ಅಂದದ್ದು, ನನಗೆ ಸರಿ ಕಂಡದ್ದು ಎಲ್ಲವನ್ನೂ ಕೂಡಿಸಿ, ಹಿಂಗ ಬರದೈತಿ ಎಂದು ಹೇಳುತ್ತಿದ್ದೆ. ಮಗಳು ಶಮಶಾದ ಶಿಗ್ಲಿಯಲ್ಲಿ ಅಂಗನವಾಡಿ ಟೀಚರು. ಅವಳು ಒಮ್ಮೆ, ಅಪ್ಪಾ, ಕನ್ನಡದಾಗೂ ಸಿಗತೈತಿ, ತಂದುಕೊಡ್ಲೇನು ಅಂತ ಕೇಳಿದ್ದಳು. ಕನ್ನಡದಲ್ಲಿ ಓದಿದರೆ ಅದು ಓದಿದಂತೆ ಅಲ್ಲ ಎಂದು ಅವಳ ಬಾಯಿ ಮುಚ್ಚಿಸಿದ್ದೆ.

ಇಮಾಂಬಿಗೆ ಆರು ವರ್ಷದಿಂದ ಶುಗರ್. ಎರಡು ನಮೂನೆಯ ಗುಳಿಗೆ. ಹೊತ್ತಿಗೆ ಸರಿಯಾಗಿ ಊಟ ಮಾಡಬೇಕು ಎಂದು ಡಾಕ್ಟರು ಹೇಳಿದ್ದರು. ರಂಜಾನ್ ಬರುವ ಮುಂಚಿನ ವಾರ ಆಕೆ ನನ್ನ ಹತ್ತಿರ ಬಂದು ಕುಳಿತಳು. ಆಕೆಗೆ ಓದು ಬರುವುದಿಲ್ಲ. ಹಿಂದಿನ ವರ್ಷ ಕೊನೆಯ ದಿನಗಳಲ್ಲಿ ಬಹಳ ಸುಸ್ತಾಗಿತ್ತು, ಅದು ಮನಸ್ಸಿನಲ್ಲಿತ್ತು. "ಬ್ಯಾನಿ ಇದ್ದವರು ರೋಜಾ ಬಿಡಬಹುದಂತಲ್ರಿ. ಸಕ್ರಿ ಬ್ಯಾನಿನೂ ಅದರಾಗ ಬರತೈತೇನು?" ಎಂದು ಕೇಳಿದಳು.

ನನಗೆ ಗೊತ್ತಿರಲಿಲ್ಲ. ಹಜರತರನ್ನು ಕೇಳಬಹುದಿತ್ತು. ಮಸೀದಿ ಮನೆಯಿಂದ ನೂರು ಹೆಜ್ಜೆ. ಆದರೆ ಕೇಳಿದರೆ, ಇಷ್ಟು ದಿನ ಓದಿದವನಿಗೆ ಇದೂ ಗೊತ್ತಿಲ್ಲವೇ ಅನ್ನುತ್ತಾರಲ್ಲ. ಮತ್ತೆ ಆಕೆ ಓಡಾಡಿಕೊಂಡಿದ್ದಳು, ಅಡುಗೆ ಮಾಡುತ್ತಿದ್ದಳು, ನಗುತ್ತಿದ್ದಳು. ಅದೆಂಥ ಬ್ಯಾನಿ ಎಂದು ನನಗೆ ಅನಿಸಿತು.

"ಹಾಸಗಿ ಹಿಡದವರಿಗೆ ಅಷ್ಟ ಮಾಫ್ ಐತಿ. ಹಂಗ ಬರದೈತಿ" ಅಂದೆ.

"ಆತ ಬಿಡ್ರಿ" ಅಂದಳು.

ಅಷ್ಟೇ ಮಾತು. ಬೆಳಗಿನ ಜಾವ ಉಂಡು ಗುಳಿಗೆ ನುಂಗಿ ಇಡೀ ದಿನ ಉಪವಾಸ ಇರುತ್ತಿದ್ದಳು. ಗುಳಿಗೆ ಮಾತ್ರ ಶುಗರ್ ಇಳಿಸುವ ತನ್ನ ಕೆಲಸ ತಾನು ಮಾಡುತ್ತಿತ್ತು.

ಸುಟ್ಟ ಕಾಲಿಗೆ ಲಕ್ಷ್ಮೇಶ್ವರದಲ್ಲಿ ಡ್ರೆಸ್ಸಿಂಗ್ ಮಾಡಿ ಕಳಿಸಿದರು. ದಿನಾ ಬರಬೇಕು ಅಂದರು. ನಾವು ದಿನ ಬಿಟ್ಟು ದಿನ ಹೋದೆವು. ಹತ್ತನೆಯ ದಿನ ಪಟ್ಟಿ ಬಿಚ್ಚಿದಾಗ ವಾಸನೆ ಬಂತು. ಕಿರುಬೆರಳು ಮತ್ತು ಅದರ ಪಕ್ಕದ ಬೆರಳು ಕಪ್ಪಾಗಿದ್ದವು. ಆಕೆಗೆ ನೋವೇ ಇರಲಿಲ್ಲ. ನೋವಿಲ್ಲ ಎಂದು ನಾನು ಸಮಾಧಾನಪಟ್ಟುಕೊಂಡಿದ್ದೆ. ನೋವಿಲ್ಲದಿರುವುದೇ ಕೆಟ್ಟದ್ದು ಎಂದು ಗದಗಿನ ದೊಡ್ಡ ಆಸ್ಪತ್ರೆಯಲ್ಲಿ ಸರ್ಜನ್ ಹೇಳಿದರು. ನರಗಳು ಸತ್ತಿವೆ, ಇನ್‌ಫೆಕ್ಷನ್ ಮೇಲೆ ಏರುತ್ತಿದೆ, ಎರಡು ಬೆರಳು ತೆಗೆಯಬೇಕು. ಪಾದ ಉಳಿಸಲು ನೋಡುತ್ತೇವೆ, ಆದರೆ ಮಾತು ಕೊಡುವುದಿಲ್ಲ ಅಂದರು.

ನಾನು ಸಹಿ ಹಾಕಿದೆ. ಅರಬಿ ಕಲಿತ ಮೇಲೆ ನನ್ನ ಕನ್ನಡ ಸಹಿಯೂ ದುಂಡಗಾಗಿದೆ ಎಂದು ಮೊದಲೊಮ್ಮೆ ಹೆಮ್ಮೆಪಟ್ಟಿದ್ದೆ. ಆವತ್ತು ಆ ಸಹಿ ನೋಡಲು ಆಗಲಿಲ್ಲ.

ಆಪರೇಶನ್ ಆದ ಮೂರನೆಯ ದಿನ ಶುಗರ್ ನೋಡುವ ಡಾಕ್ಟರು ರೌಂಡಿಗೆ ಬಂದರು. ವಯಸ್ಸಾದ ಹೆಣ್ಣುಮಗಳು, ನಿಧಾನವಾಗಿ ಮಾತಾಡುತ್ತಿದ್ದರು. ಫೈಲು ನೋಡಿ, ಶುಗರ್ ಇದ್ದೂ ಉಪವಾಸ ಯಾಕೆ ಹಿಡಿದಿರಿ ಎಂದು ಕೇಳಿದರು. ನಿಮ್ಮಲ್ಲಿಯೇ ಬಿಡಲು ಅವಕಾಶ ಇದೆಯಲ್ಲ, ಪ್ರತಿ ವರ್ಷ ನನ್ನ ಎಷ್ಟೋ ಪೇಶೆಂಟುಗಳು ಬಿಡುತ್ತಾರೆ ಅಂದರು.

ಇಮಾಂಬಿ ದಿಂಬಿನಿಂದ ತಲೆ ಸ್ವಲ್ಪ ಎತ್ತಿದಳು. "ಹಾಸಗಿ ಹಿಡದವರಿಗೆ ಅಷ್ಟ ಬರದೈತ್ರಿ ಮೇಡಮ್ಮಾರ. ನಮ್ಮ ಮನಿಯವರು ಓದ್ಯಾರ."

ಡಾಕ್ಟರು ನನ್ನ ಕಡೆ ನೋಡಿದರು. ನಾನು ಸಲೈನ್ ಬಾಟಲಿ ನೋಡಿದೆ.

ಓದ್ಯಾರ. ಆಕೆ ಅದನ್ನು ಹೆಮ್ಮೆಯಿಂದ ಹೇಳಿದ್ದಳು.

ಆವತ್ತು ಮಧ್ಯಾಹ್ನ ಬೆಟಗೇರಿಯ ಮಸೀದಿಯೊಂದಕ್ಕೆ ನಮಾಜಿಗೆ ಹೋದೆ. ಮುಗಿದ ಮೇಲೆ ಎಲ್ಲರೂ ಹೊರಟರು, ನಾನು ಉಳಿದೆ. ಗೋಡೆಯ ಕಪಾಟಿನಲ್ಲಿ ಕನ್ನಡ ತರ್ಜುಮೆ ಇತ್ತು. ರೋಜಾದ ಮಾತು ಗ್ರಂಥದ ಮೂವತ್ತು ಪಾರಾಗಳಲ್ಲಿ ಯಾವುದರಲ್ಲಿ ಬರುತ್ತದೆ ಎಂಬುದೂ ನನಗೆ ಗೊತ್ತಿರಲಿಲ್ಲ. ಹಾಳೆ ತಿರುವುತ್ತ ಹೋದೆ. ಬಹಳ ದೂರ ಹೋಗಬೇಕಾಗಲಿಲ್ಲ, ಎರಡನೆಯ ಪಾರಾದಲ್ಲೇ ಸಿಕ್ಕಿತು. ಬ್ಯಾನಿ ಇದ್ದವರು, ದಾರಿಯಲ್ಲಿರುವವರು ಬೇರೆ ದಿನಗಳಲ್ಲಿ ತೀರಿಸಿದರೆ ಆಯಿತು. ಆಗದೇ ಇದ್ದವರು ಒಬ್ಬ ಬಡವನಿಗೆ ಉಣಿಸಿದರೆ ಆಯಿತು. ಅದರ ಮುಂದೆಯೇ, ದೇವರು ನಿಮ್ಮ ಕಷ್ಟವನ್ನು ಬಯಸುವುದಿಲ್ಲ ಎಂಬ ಅರ್ಥದ ಮಾತು.

ಹಾಸಿಗೆ ಹಿಡಿದವರು ಎಂದು ಎಲ್ಲಿಯೂ ಇರಲಿಲ್ಲ.

ಮತ್ತೊಮ್ಮೆ ಓದಿದೆ. ಎದುರಿನ ಪುಟದಲ್ಲಿ ಅರಬಿ ಇತ್ತು. ಅದನ್ನು ನೋಡಿದ ಕೂಡಲೇ ನನ್ನ ಬಾಯಿ ತಾನೇ ಓದತೊಡಗಿತು. ಅದು ನನಗೆ ಬಾಯಿಪಾಠ. ಆ ಸಾಲಿನಲ್ಲಿ ಒಂದು ಕಡೆ ಧ್ವನಿ ಎಳೆದು ಇಳಿಸಬೇಕು, ಅದನ್ನು ನಾನು ಚಂದ ಮಾಡುತ್ತೇನೆ ಎಂದು ಹಜರತರೇ ಅಂದಿದ್ದರು. ಪ್ರತಿ ರಂಜಾನಿನಲ್ಲಿ ನಮ್ಮ ಮನೆಯ ಪಡಸಾಲೆಯಲ್ಲಿ, ಇಮಾಂಬಿಗೆ ಕೇಳುವ ಹಾಗೆ, ಆಕೆಯ ಪ್ರಶ್ನೆಗೆ ಉತ್ತರವನ್ನು ನಾನೇ ಗಟ್ಟಿಯಾಗಿ ಓದಿದ್ದೆ. ಆಕೆ ಅಡುಗೆಮನೆಯಲ್ಲಿ ತಲೆಯ ಮೇಲೆ ಸೆರಗು ಹೊದ್ದು ಭಕ್ತಿಯಿಂದ ಕೇಳಿದ್ದಳು. ಇಬ್ಬರಿಗೂ ತಿಳಿದಿರಲಿಲ್ಲ.

ಊರಿಗೆ ಬಂದ ದಿನ ಹಜರತರಿಗೆ ಎಲ್ಲ ಹೇಳಿದೆ. ನನಗಿಂತ ಮೂವತ್ತು ವರ್ಷ ಚಿಕ್ಕವರು. ಬೈಯಲಿಲ್ಲ. "ಕಾಕಾ, ನನ್ನ ಕೇಳಿದ್ರ ಒಂದ ನಿಮಿಷದ ಮಾತಿತ್ತು" ಅಂದರು. ಬೈದಿದ್ದರೆ ಬೇಕಾಗಿತ್ತು.

ಪಾದ ಉಳಿಯಿತು. ಇಪ್ಪತ್ತಾರು ದಿನಗಳ ಮೇಲೆ ಮನೆಗೆ ಬಂದೆವು. ಇನ್ಸುಲಿನ್ ಚುಚ್ಚುವುದನ್ನು ಶಮಶಾದ ಕಲಿತು ತಾಯಿಗೆ ಕಲಿಸಿದಳು. ಡ್ರೆಸ್ಸಿಂಗ್ ನಾನು ಕಲಿತೆ. ಗಾಯ ತೊಳೆಯುವುದು, ಒರೆಸುವುದು, ಗಾಜ್ ಇಡುವುದು, ಪಟ್ಟಿ ಸುತ್ತುವುದು. ಹತ್ತಿಯಲ್ಲಿ ಬೆಳೆದ ಕೈ, ಬೇಗ ಕಲಿಯಿತು. ಆದರೆ ಆ ಎರಡು ಬೆರಳಿನ ಜಾಗ ಮುಟ್ಟುವಾಗ ಪ್ರತಿ ದಿನವೂ ಕೈ ಹಿಂದೆ ಸರಿಯುತ್ತಿತ್ತು.

ಮತ್ತು ಆಕೆ ಒಂದೇ ಮಾತು ಹೇಳುತ್ತಿದ್ದಳು. ತನ್ನ ರೋಜಾ ಹೊತ್ತಿಗೆ ಮೊದಲೇ ಮುರಿಯಿತಲ್ಲ, ಅದಕ್ಕೇ ದೇವರು ಕಾಲಿಗೆ ಶಿಕ್ಷೆ ಕೊಟ್ಟ ಎಂದು. ಬಂದ ನೆಂಟರ ಮುಂದೆ ಹೇಳಿದಳು. ಗಿರಿಜವ್ವನ ಮುಂದೆ ಮಾತ್ರ ಹೇಳಲಿಲ್ಲ, ಅವಳಿಗೆ ನೋವಾಗುತ್ತದೆ ಎಂದು. ನಾನಾದರೋ, ಗದಗಿನ ಆಸ್ಪತ್ರೆಗೆ ಹೋಗುವ ಮೊದಲು ಮಸೀದಿಯ ಕಟ್ಟೆಯ ಮೇಲೆ ನಾಲ್ಕು ಜನರ ಮುಂದೆ, ಬಾಜು ಮನೆಯಾಕೆ ತಿಳಿಯದೆ ರೋಜಾ ಕೆಡಿಸಿದಳು ಎಂದು ಹೇಳಿ ಬಂದಿದ್ದೆ. ಅದನ್ನೂ ಇಲ್ಲಿ ಬರೆದಿಡುತ್ತೇನೆ.

ನನಗೆ ಸತ್ಯ ಗೊತ್ತಿತ್ತು. ಹೇಳಲಿಲ್ಲ. ಗಾಯ ಹಸಿ ಇದೆ, ಮನಸ್ಸಿಗೆ ಹಚ್ಚಿಕೊಂಡರೆ ಶುಗರ್ ಏರುತ್ತದೆ ಎಂದು ನನಗೆ ನಾನೇ ನೆಪ ಹೇಳಿಕೊಂಡೆ. ಹೀಗೆ ಹತ್ತೊಂಬತ್ತು ದಿನ ಕಳೆದವು. ಪಾಪ ಮಾಡಿದವನು ನಾನು, ತೌಬಾ ಎಂದು ದೇವರ ಕ್ಷಮೆ ಕೇಳುತ್ತಿದ್ದವಳು ಆಕೆ.

ಇಪ್ಪತ್ತನೆಯ ದಿನ ಮಧ್ಯಾಹ್ನ ಪಟ್ಟಿ ಸುತ್ತುತ್ತಿದ್ದೆ. ಆಕೆ, ಕಾಲು ಮಾಯ್ದ ಮೇಲೆ ಆ ಒಂದು ರೋಜಾ ಮುರಿದದ್ದಕ್ಕೆ ದಂಡವಾಗಿ ಅರವತ್ತು ಹಿಡಿಯುತ್ತೇನೆ ಅಂದಳು. ನನ್ನ ಕೈ ನಿಂತಿತು.

"ಹಾಸಗಿ ಹಿಡದವರಿಗೆ ಅಷ್ಟ ಅಂತ ಹೇಳಿದ್ನಲ್ಲ. ಅದು ಬರದಿಲ್ಲ."

"ಮತ್ತೇನ ಬರದೈತಿ?"

ಹೇಳಿದೆ. ಎಲ್ಲ ಹೇಳಿದೆ. ಸಕ್ಕರೆ ಹಾಕಿದ್ದು ತಪ್ಪಲ್ಲ, ಹಾಕದೆ ನಿಂತದ್ದು ತಪ್ಪು ಎಂದೂ ಹೇಳಿದೆ.

"ನೀವು ಓದಿದ್ರಲ್ಲ?"

"ಓದಿದ್ದೆ. ತಿಳದಿರಲಿಲ್ಲ."

ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. ಆಮೇಲೆ ಕೇಳಿದಳು:

"ಇನ್ನ ಏನೇನ ಹಿಂಗ ಸೇರಿಸಿ ಹೇಳೀರಿ ನನಗ?"

ಯಾವುದು ಬರೆದದ್ದು, ಯಾವುದು ಕೇಳಿದ್ದು, ಯಾವುದು ನಾನೇ ಹುಟ್ಟಿಸಿದ್ದು ಎಂದು ನನಗೇ ಗುರುತು ಉಳಿದಿರಲಿಲ್ಲ. ಎಲ್ಲ ಒಂದೇ ಗಾದಿಯೊಳಗೆ ತುಂಬಿಬಿಟ್ಟಿದ್ದೆ.

ಎರಡು ದಿನ ಆಕೆ ನನ್ನನ್ನು ಕಾಲು ಮುಟ್ಟಲು ಬಿಡಲಿಲ್ಲ. ಶಮಶಾದ ಶಿಗ್ಲಿಯಿಂದ ಬಂದು ಪಟ್ಟಿ ಕಟ್ಟಿ ಹೋದಳು. ಅವಳಿಗೂ ವಿಷಯ ತಿಳಿದಿತ್ತು. ಮೂರನೆಯ ದಿನ ಕನ್ನಡದ ತರ್ಜುಮೆ ತಂದು ಮಂಚದ ಮೇಲಿಟ್ಟಳು. ಇಮಾಂಬಿ ಅದನ್ನು ನನ್ನ ಕಡೆ ಸರಿಸಿದಳು. "ಓದ್ರಿ. ಮೊದಲಿಂದ. ನಾನೂ ಕೇಳತೀನಿ."

ಆವತ್ತಿನಿಂದ ಡ್ರೆಸ್ಸಿಂಗ್ ಆದ ಮೇಲೆ ದಿನಾ ಒಂದು ತಾಸು ಓದುತ್ತೇನೆ. ಕನ್ನಡದಲ್ಲಿ ನನಗೆ ಆ ಧ್ವನಿ ಬರುವುದಿಲ್ಲ. ಎಳೆಯುವುದಿಲ್ಲ, ಇಳಿಸುವುದಿಲ್ಲ. ಪೇಪರ್ ಓದಿದ ಹಾಗೆ ಓದುತ್ತೇನೆ. ಆಕೆ ನಡುನಡುವೆ ತಡೆಯುತ್ತಾಳೆ. ನಾನು ಹಳೆಯ ಚಾಳಿಯಿಂದ ಒಂದು ಸಾಲಿಗೆ ನಾಲ್ಕು ಸಾಲು ವಿವರ ಕೊಡತೊಡಗಿದರೆ, "ಇದು ಬರದದ್ದೋ, ನಿಮ್ಮದೋ?" ಎಂದು ಕೇಳುತ್ತಾಳೆ. ಒಮ್ಮೆ ಶಮಶಾದಳ ಮುಂದೆಯೇ, "ಪುಸ್ತಕದ ಮ್ಯಾಲೆ ಬೆರಳಿಟ್ಟು ಓದ್ರಿ, ಬೆರಳ ಬಿಟ್ರ ನೀವು ಹೊಲ ದಾಟತೀರಿ" ಅಂದಳು. ಮಗಳು ನಕ್ಕಳು. ಆಸ್ಪತ್ರೆಯಿಂದ ಬಂದ ಮೇಲೆ ಮನೆಯಲ್ಲಿ ಅದೇ ಮೊದಲ ನಗು. ಬೆರಳಿಟ್ಟು ಓದಿದೆ.

ಹೀಗೆ ಓದುವಾಗ ನಾಚಿಕೆಯಾಗುವ ಜಾಗಗಳು ಬಹಳ ಬರುತ್ತವೆ. ಗೊತ್ತಿಲ್ಲದ್ದರ ಬೆನ್ನು ಹತ್ತಬೇಡ ಎಂಬ ಅರ್ಥದ ಒಂದು ಮಾತು ಬಂದ ದಿನ ಮುಂದೆ ಓದಲಾಗಲಿಲ್ಲ. ನೆರೆಯವರಿಗೆ ಒಳ್ಳೆಯದು ಮಾಡಿ ಎಂಬ ಮಾತು ಬಂದ ದಿನ ಪುಸ್ತಕ ಮುಚ್ಚಿ ಗಿರಿಜವ್ವನ ಬಾಗಿಲಿಗೆ ಹೋದೆ. ಆಕೆ ಕಾಳು ಹಸನು ಮಾಡುತ್ತಿದ್ದಳು. ನಾನು ಕಟ್ಟೆಯ ಮೇಲೆ ಆಡಿದ ಮಾತು ಆಕೆಗೆ ಆಗಲೇ ಮುಟ್ಟಿತ್ತು. ತಪ್ಪಾಯಿತು ಅಂದೆ. ಆಕೆ ಮೊರ ಕೆಳಗಿಡಲಿಲ್ಲ. "ಅದ ಇರಲಿ ಅಣ್ಣಾ, ಈಗರ ಸಕ್ರಿ ಡಬ್ಬಿ ಎಲ್ಲೈತಿ ಅಂತ ಗೊತ್ತೈತಿಲ್ಲೋ?" ಅಂದಳು. ಆಮೇಲೆ ಕಟ್ಟೆಗೂ ಹೋಗಿ ಅದೇ ನಾಲ್ಕು ಜನರಿಗೆ ಸರಿಯಾದದ್ದನ್ನು ಹೇಳಿದೆ. ಓದಲು ನನ್ನನ್ನು ಕರೆಯುವುದು ಈಗ ಕಡಿಮೆಯಾಗಿದೆ. ಆಗಲೇಬೇಕಿತ್ತು.

ಒಂದು ದಿನ ಇಮಾಂಬಿ ತಾನೇ ಒಂದು ಪ್ರಶ್ನೆ ತೆಗೆದಳು. ಐದು ವರ್ಷದ ಹಿಂದೆ ಹಿರೇವಡ್ಡಟ್ಟಿಯಲ್ಲಿ ಆಕೆಯ ಅವ್ವ ತೀರಿಕೊಂಡಳು. ಆಗ ನಾನು ಹೊಸದಾಗಿ ಓದಿ ಮುಗಿಸಿದ್ದೆ. ಮಣ್ಣಾದ ಮೇಲೆ ಒಮ್ಮೆ ಗೋರಿ ನೋಡಿ ಬರುತ್ತೇನೆ ಎಂದು ಆಕೆ ಕೇಳಿದಾಗ, ಹೆಣ್ಣುಮಕ್ಕಳು ಕಬರಸ್ತಾನಕ್ಕೆ ಕಾಲಿಡಬಾರದು, ಹಂಗ ಬರದೈತಿ ಅಂದಿದ್ದೆ. ಆಕೆ ಮತ್ತೆ ಕೇಳಿರಲಿಲ್ಲ. ಈಗ ಕೇಳಿದಳು, ಅದು ಎಲ್ಲಿ ಬರುತ್ತದೆ ಎಂದು. ನಾವು ಕೊನೆಯವರೆಗೆ ಓದಿ ಮುಗಿಸಿದೆವು. ಬರಲಿಲ್ಲ. ಈ ಸಲ ನೂರು ಹೆಜ್ಜೆ ನಡೆದು ಹಜರತರನ್ನು ಕೇಳಿದೆ. ಗ್ರಂಥದಲ್ಲಿ ಹಾಗಿಲ್ಲ, ಹಿರಿಯರಲ್ಲಿ ಎರಡು ಮಾತಿವೆ, ಕೆಲವರು ಬೇಡ ಅನ್ನುತ್ತಾರೆ, ಕೆಲವರು ಹೋಗಬಹುದು ಅನ್ನುತ್ತಾರೆ ಎಂದರು. ಎರಡನ್ನೂ ಹಾಗೆಯೇ ತಂದು ಆಕೆಗೆ ಹೇಳಿದೆ. ಯಾವುದು ಬೇಕೋ ನೀನೇ ಆರಿಸು ಅಂದೆ.

ಗದಗಿನ ಡಾಕ್ಟರು ಕಳೆದ ತಿಂಗಳು ಗಾಯ ಕೂಡಿದೆ ಅಂದರು. ಮೆತ್ತನೆಯ ಅಟ್ಟೆಯ ಬೂಟು ಬರೆದುಕೊಟ್ಟರು. ದಿನಕ್ಕೆ ಸ್ವಲ್ಪ ಸ್ವಲ್ಪ ನಡೆಯಿರಿ, ಬರಿಗಾಲಲ್ಲಿ ಒಂದು ಹೆಜ್ಜೆಯೂ ಬೇಡ ಅಂದರು. ಇನ್ನೊಂದು ಕಾಲಿಗೂ ಹೀಗೆ ಆಗಬಹುದು, ಪ್ರತಿ ದಿನ ಬೆರಳ ಸಂದು ನೋಡಬೇಕು. ನೋಡುತ್ತೇನೆ. ಮುಂದಿನ ರಂಜಾನಿನಲ್ಲಿ ರೋಜಾದ ಬದಲು ಬಡವರಿಗೆ ಉಣಿಸುವುದೆಂದು ಆಕೆ ಅಡುಗೆಯ ಯೋಚನೆಯನ್ನೂ ಶುರು ಮಾಡಿದ್ದಾಳೆ.

ಹೋದ ವಾರ ಆಟೋ ಮಾಡಿಕೊಂಡು ಹಿರೇವಡ್ಡಟ್ಟಿಗೆ ಹೋದೆವು. ಕಬರಸ್ತಾನ ಊರ ಹೊರಗೆ, ಹೊಲದ ಅಂಚಿಗೆ. ಮುಳ್ಳುಬೇಲಿ ಸರಿಸಿ ಆಕೆಯನ್ನು ಒಳಗೆ ಕರೆದುಕೊಂಡು ಹೋದೆ. ಅಂದು ಹೆಗಲು ಕೊಟ್ಟವರಲ್ಲಿ ನಾನೂ ಒಬ್ಬ, ಗೋರಿ ತೋರಿಸುತ್ತೇನೆ ಎಂದು ಮುಂದೆ ನಡೆದೆ. ಬೇವಿನ ಗಿಡದ ಪಕ್ಕ ಎಂದು ನೆನಪಿತ್ತು. ಬೇವಿನ ಗಿಡ ಇರಲಿಲ್ಲ. ಅದನ್ನು ಕಡಿದ ಜಾಗವೂ ತಿಳಿಯುತ್ತಿರಲಿಲ್ಲ. ಐದು ಮಣ್ಣಿನ ದಿಬ್ಬಗಳು ಒಂದರ ಪಕ್ಕ ಒಂದು ಇದ್ದವು. ಹೆಸರಿನ ಕಲ್ಲು ಯಾವುದಕ್ಕೂ ಇರಲಿಲ್ಲ. ಇಮಾಂಬಿಯ ತಮ್ಮ ಇದ್ದಿದ್ದರೆ ಹೇಳುತ್ತಿದ್ದ, ಅವನೂ ಹೋದ ವರ್ಷ ತೀರಿಕೊಂಡ. ಐದು ವರ್ಷದ ಹಿಂದೆ ಬಂದಿದ್ದರೆ ಮಣ್ಣು ಹಸಿ ಇರುತ್ತಿತ್ತು.

"ಯಾವುದ್ರಿ?" ಅಂದಳು.

"ಗೊತ್ತಾಗವಲ್ದು" ಅಂದೆ.

ಆಕೆ ನನ್ನ ಕಡೆ ನೋಡಲಿಲ್ಲ. ಮೊದಲನೆಯ ದಿಬ್ಬದ ಮುಂದೆ ನಿಂತು ಕೈ ಎತ್ತಿದಳು. ತುಟಿ ಅಲ್ಲಾಡಿತು. ಆಮೇಲೆ ಎರಡನೆಯದು. ಆ ಬೂಟಿನಲ್ಲಿ ಒಂದೊಂದೇ ಹೆಜ್ಜೆ ಇಡುತ್ತ ಐದಕ್ಕೂ ಹೋದಳು. ಐದನೆಯದರ ಮುಂದೆ ಅಳು ಬಂತು. ಗಟ್ಟಿಯಾಗಿಯೇ ಅತ್ತಳು.

ಸೆರಗಿನಿಂದ ಮುಖ ಒರೆಸಿಕೊಂಡು, "ಐದೂ ನಮ್ಮವ್ವಂದ ಅಂತ ತಿಳಕೊಂತೀನಿ. ನಡೀರಿ, ಕಾಲು ಸೋತಾವು" ಅಂದಳು. ನನ್ನ ಹೆಗಲ ಮೇಲೆ ಕೈ ಇಟ್ಟಳು. ಮಾಫ್ ಮಾಡಿದ್ದೇನೆ ಎಂದು ಆಕೆ ಇದುವರೆಗೆ ಹೇಳಿಲ್ಲ, ನಾನು ಕೇಳಿಯೂ ಇಲ್ಲ. ಬೇಲಿಯವರೆಗೆ ಆಕೆಯ ಭಾರವೆಲ್ಲ ನನ್ನ ಮೇಲೆಯೇ ಇತ್ತು.